ಮೊದಲ ತಾಸಿನ ಅಂಕಿಗಳು: ಒಂದು ಮ್ಯಾಂಗನೀಸ್ ವೇಗವರ್ಧಕದ ಪ್ರಕರಣ ಅಧ್ಯಯನ

ಗಣಕದಲ್ಲಿ ನಾವು ಮಾಡಿದ ಲೆಕ್ಕದ ಪ್ರಕಾರ ಆ ವೇಗವರ್ಧಕದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ಒಂದು ಅಣು ಒಂದು ಸುತ್ತು ಕೆಲಸ ಮುಗಿಸಲು ಸುಮಾರು ಒಂದು ವರ್ಷ ಬೇಕಿತ್ತು. ಪಕ್ಕದ ಕಟ್ಟಡದ ಪ್ರಯೋಗಶಾಲೆಯಲ್ಲಿ ಅದೇ ಅಣು ತಾಸಿಗೆ 50 ಸುತ್ತು ಮುಗಿಸುತ್ತಿತ್ತು. ಸುಮಾರು ನಾಲ್ಕೂವರೆ ಲಕ್ಷ ಪಟ್ಟಿನ ಈ ಅಂತರವೇ ಇಲ್ಲಿಯ ಪ್ರಕರಣ. ಅದನ್ನು ಬಗೆಹರಿಸಲು ನನಗೂ ನನ್ನ ಸಂಶೋಧನಾ ವಿದ್ಯಾರ್ಥಿನಿಗೂ ಹದಿನಾಲ್ಕು ತಿಂಗಳು ಹಿಡಿಯಿತು. ಪುಣೆಯಲ್ಲಿ ನಾನು ಈ ವಿಷಯದಲ್ಲಿ ಕೆಲಸ ಮಾಡಲು ತೊಡಗಿ ಎರಡು ದಶಕಗಳಿಗೂ ಮೇಲಾಯಿತು. ಆದರೂ ಗಣಕದಲ್ಲಿ ರಸಾಯನವನ್ನು ಅಭ್ಯಾಸ ಮಾಡುವವರ ನಿಜವಾದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಹದಿನಾಲ್ಕು ತಿಂಗಳು.

ಕ್ರಿಯೆ

ಕ್ರಿಯೆ ಬಹಳ ಸರಳವಾದದ್ದು. ಅಸೆಟೋಫಿನೋನ್ ಎಂಬ ಕೀಟೋನ್‌ಗೆ ಹೈಡ್ರೋಜನ್ ಸೇರಿಸಿ ಆಲ್ಕೋಹಾಲ್ ಮಾಡುವುದು. ಔಷಧ ಮತ್ತು ಸುಗಂಧದ ಉದ್ಯಮಗಳಲ್ಲಿ ಈ ಬಗೆಯ ಕ್ರಿಯೆಗಳಿಗೆ ದೊಡ್ಡ ಬೇಡಿಕೆಯಿದೆ. ಇದಕ್ಕೆ ಬಹುಕಾಲ ರುಥೇನಿಯಂ ಆಧಾರಿತ ವೇಗವರ್ಧಕಗಳೇ ದಿಕ್ಕಾಗಿದ್ದವು. 2001ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಜಪಾನಿನ ರ್‍ಯೋಜಿ ನೊಯೋರಿ ಈ ದಾರಿಯನ್ನು ಅಗಲ ಮಾಡಿದವರು. ಆದರೆ ರುಥೇನಿಯಂ ವಿರಳ ಲೋಹ, ದುಬಾರಿ. ಮ್ಯಾಂಗನೀಸ್ ಹಾಗಲ್ಲ, ಭೂಮಿಯ ಹೊರಪದರದಲ್ಲಿ ಕಬ್ಬಿಣ ಮತ್ತು ಟೈಟಾನಿಯಂ ಬಿಟ್ಟರೆ ಅತಿ ಹೆಚ್ಚು ಸಿಗುವ ಸಂಕ್ರಮಣ ಲೋಹ ಅದು. ಸಂಡೂರಿನ ಬೆಟ್ಟಗಳನ್ನು ನೋಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಜರ್ಮನಿಯ ಮಥಿಯಾಸ್ ಬೆಲ್ಲರ್ ಅವರ ತಂಡ ಮ್ಯಾಂಗನೀಸ್‌ನ ಪಿನ್ಸರ್ ಸಂಕೀರ್ಣಗಳು ಕೀಟೋನ್‌ಗಳಿಗೆ ಹೈಡ್ರೋಜನ್ ಸೇರಿಸಬಲ್ಲವು ಎಂದು ತೋರಿಸಿದ ಮೇಲೆ ಜಗತ್ತಿನ ಹಲವು ಪ್ರಯೋಗಶಾಲೆಗಳು ಈ ಲೋಹದ ಕಡೆ ತಿರುಗಿದವು. ನಮ್ಮ ಸಂಸ್ಥೆಯ ಪ್ರಯೋಗಕಾರ ಸಹೋದ್ಯೋಗಿಯೂ ತಿರುಗಿದರು.

ಪಿನ್ಸರ್ ಎಂದರೆ ಇಕ್ಕಳ. ಒಂದು ಸಾರಜನಕ, ಎರಡು ರಂಜಕ, ಈ ಮೂರು ಪರಮಾಣುಗಳಿಂದ ಲೋಹವನ್ನು ಮೂರು ಕಡೆ ಹಿಡಿಯುವ ಸಾವಯವ ಅಣು ಅದು. ಲೋಹದ ಮೇಲೆ ಇನ್ನೆರಡು ಕಾರ್ಬನ್ ಮಾನಾಕ್ಸೈಡ್, ಒಂದು ಬ್ರೋಮೈಡ್. ಪೊಟ್ಯಾಸಿಯಂ ಟರ್ಟ್-ಬ್ಯೂಟಾಕ್ಸೈಡ್ ಎಂಬ ಪ್ರತ್ಯಾಮ್ಲ ಹಾಕಿದರೆ ಬ್ರೋಮೈಡ್ ಹೋಗುತ್ತದೆ, ಸಾರಜನಕದ ಮೇಲಿನ ಹೈಡ್ರೋಜನ್ನೂ ಹೋಗುತ್ತದೆ. ಆಗ ಹಸಿದ ಒಂದು ಅಣು ಉಳಿಯುತ್ತದೆ. ಅದನ್ನು ಅಮೈಡೋ ರೂಪ ಎನ್ನುತ್ತೇವೆ. ಹೈಡ್ರೋಜನ್ ಅಣು ಅದರ ಬಳಿ ಬಂದು ಎರಡಾಗಿ ಸೀಳುತ್ತದೆ: ಒಂದು ಪಾಲು ಲೋಹಕ್ಕೆ, ಇನ್ನೊಂದು ಸಾರಜನಕಕ್ಕೆ. ಆ ಎರಡೂ ಪಾಲು ಮುಂದೆ ಕೀಟೋನ್‌ಗೆ ದಾಟಿದರೆ ಆಲ್ಕೋಹಾಲ್ ಸಿದ್ಧ, ಅಮೈಡೋ ರೂಪ ಮತ್ತೆ ಖಾಲಿ. ಇಡೀ ಚಕ್ರದಲ್ಲಿ ಕಷ್ಟದ ಹೆಜ್ಜೆ ಆ ಸೀಳುವಿಕೆ. ನಮ್ಮ ಕತೆ ನಡೆಯುವುದೂ ಅಲ್ಲಿಯೇ.

ಇಬ್ಬರು ಇಲ್ಲಿಗೆ ಬಂದ ಬಗೆ

ನಾನು ಧಾರವಾಡದವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಗ ಕ್ವಾಂಟಂ ರಸಾಯನವನ್ನು ಕಲಿತದ್ದು ಹಾಳೆ ಮತ್ತು ಪೆನ್ಸಿಲ್‌ನಲ್ಲಿ. ಹೈಡ್ರೋಜನ್ ಪರಮಾಣುವಿನ ಸಮೀಕರಣ ಬಿಡಿಸಿದಾಗ ಆಗುತ್ತಿದ್ದ ಸಂತೋಷ ಹೀಲಿಯಂಗೆ ಬಂದ ಕೂಡಲೇ ಮುಗಿಯುತ್ತಿತ್ತು. ಎರಡು ಇಲೆಕ್ಟ್ರಾನ್ ಬಂದರೆ ಕೈಯಲ್ಲಿ ಬಿಡಿಸಲು ಆಗುವುದಿಲ್ಲ. 1998ರಲ್ಲಿ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್ ಅವರಿಗೆ ರಸಾಯನದ ನೊಬೆಲ್ ಬಂದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಕೋನ್ ಭೌತವಿಜ್ಞಾನಿ. ಇಲೆಕ್ಟ್ರಾನ್‌ಗಳ ಒಟ್ಟು ಸಾಂದ್ರತೆಯೊಂದು ಗೊತ್ತಿದ್ದರೆ ಅಣುವಿನ ಕನಿಷ್ಠ ಶಕ್ತಿ ನಿಗದಿಯಾಗುತ್ತದೆ ಎಂದು 1964ರಲ್ಲಿ ಹೋಹೆನ್‌ಬರ್ಗ್ ಜೊತೆಗೂಡಿ ತೋರಿಸಿದವರು. ಪ್ರತಿಯೊಂದು ಇಲೆಕ್ಟ್ರಾನನ್ನು ಬೇರೆ ಬೇರೆಯಾಗಿ ಬೆನ್ನಟ್ಟಬೇಕಿಲ್ಲ ಎಂಬ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪುಣೆಯಲ್ಲಿ ಸೈದ್ಧಾಂತಿಕ ರಸಾಯನದ ಗಟ್ಟಿ ಪರಂಪರೆಯಿದೆ ಎಂದು ಮೇಷ್ಟ್ರು ಹೇಳಿದರು. ವಿಶ್ವವಿದ್ಯಾಲಯದಲ್ಲಿ ಶ್ರೀಧರ ಗದ್ರೆ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸೌರವ್ ಪಾಲ್ ಅವರಂಥವರು ಇದ್ದ ಊರು. 1988ರಲ್ಲಿ ಗಣಕ ಸಂಶೋಧನೆಯ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಇಲ್ಲಿಯೇ ಹುಟ್ಟಿತು, 1991ರಲ್ಲಿ ಅದರ ಸೂಪರ್‌ಕಂಪ್ಯೂಟರ್ ಪರಮ್ 8000 ಇಲ್ಲಿಯೇ ಸಿದ್ಧವಾಯಿತು. ರಾತ್ರಿ ಬಸ್ಸು ಹತ್ತಿ ಬೆಳಗಿಗೆ ಸ್ವಾರ್‌ಗೇಟ್‌ನಲ್ಲಿ ಇಳಿದೆ.

ವಿದ್ಯಾರ್ಥಿನಿ ಇಂಡಿ ತಾಲ್ಲೂಕಿನವಳು. ತಂದೆಗೆ ನಿಂಬೆ ತೋಟವಿದೆ. ನಾವು ಇಬ್ಬರೂ ಕನ್ನಡದಲ್ಲಿ ಮಾತನಾಡುತ್ತೇವೆ. ಲೆಕ್ಕ ಕೆಟ್ಟಾಗಲಂತೂ ಕನ್ನಡದಲ್ಲಿಯೇ. ಈ ಪ್ರಕರಣ ಶುರುವಾದಾಗ ಅವಳಿಗೆ ಪಿಎಚ್.ಡಿ.ಯ ಮೂರನೆಯ ವರ್ಷ. ಲಿನಕ್ಸ್, ಪೈಥಾನ್, ಸಾವಿರಾರು ಕಡತಗಳನ್ನು ಒಂದೇ ಆಜ್ಞೆಯಲ್ಲಿ ನಿಭಾಯಿಸುವ ಕೌಶಲ ಎಲ್ಲವೂ ಕೈವಶವಾಗಿತ್ತು. ಹಿಂಜೇವಾಡಿಯ ಒಂದು ಸಾಫ್ಟ್‌ವೇರ್ ಕಂಪನಿ ಅವಳ ಶಿಷ್ಯವೇತನದ ಎರಡು ಪಟ್ಟಿಗೂ ಮಿಕ್ಕಿದ ಸಂಬಳಕ್ಕೆ ಕರೆಯುತ್ತಿತ್ತು. ಮನೆಯಲ್ಲಿ ತಮ್ಮನ ಓದು ಇತ್ತು. ಗಣಕ ರಸಾಯನದ ವಿದ್ಯಾರ್ಥಿಗಳಿಗೆ ಈ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬಾಗಿಲಿನ ಎದುರು ನಿಂತವರ ಮೇಜಿನ ಮೇಲೆ ನಾಲ್ಕೂವರೆ ಲಕ್ಷ ಪಟ್ಟು ತಪ್ಪಾದ ಉತ್ತರ ಕುಳಿತಿದ್ದರೆ ಕಾಲು ತಾನಾಗಿ ಹೊರಗೆ ನಡೆಯುತ್ತದೆ. ಅದು ನನಗೆ ಗೊತ್ತಿತ್ತು.

31

ವೇಗವನ್ನು ಲೆಕ್ಕ ಹಾಕುವುದು ಹೇಗೆ? ಕ್ರಿಯೆ ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಹೋಗುವಾಗ ದಾಟಬೇಕಾದ ದಿಬ್ಬವನ್ನು ಹುಡುಕುತ್ತೇವೆ. ದಿಬ್ಬದ ನೆತ್ತಿಯ ಮೇಲಿನ ಅಣುವಿನ ಆಕಾರಕ್ಕೆ ಸಂಕ್ರಮಣ ಸ್ಥಿತಿ ಎಂದು ಹೆಸರು. ಅದು ಯಾವ ಪಾತ್ರೆಯಲ್ಲಿಯೂ ಕೂಡಿಡಲು ಸಿಗದ, ಕ್ಷಣಮಾತ್ರದ ಆಕಾರ. ಗಣಕದಲ್ಲಿ ಮಾತ್ರ ಅದನ್ನು ನಿಲ್ಲಿಸಿ ಸುತ್ತಲೂ ತಿರುಗಿಸಿ ನೋಡಬಹುದು. ಈ ವಿದ್ಯೆಯ ಮೇಲಿನ ನನ್ನ ಪ್ರೀತಿಗೆ ಮುಖ್ಯ ಕಾರಣವೇ ಇದು. ದಿಬ್ಬದ ಎತ್ತರ ಸಿಕ್ಕರೆ 1935ರಲ್ಲಿ ಹೆನ್ರಿ ಐರಿಂಗ್ ಕೊಟ್ಟ ಸಮೀಕರಣದಲ್ಲಿ ಹಾಕಿ ವೇಗ ಪಡೆಯುತ್ತೇವೆ. ಎತ್ತರ ಘಾತಾಂಕದಲ್ಲಿ ಕೂಡುವುದರಿಂದ ಸಣ್ಣ ತಪ್ಪು ದೊಡ್ಡದಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಮೋಲ್‌ಗೆ 20 ಕಿಲೋಕ್ಯಾಲರಿಯ ದಿಬ್ಬವಿದ್ದರೆ ಅರ್ಧದಷ್ಟು ವಸ್ತು ಒಂದು ನಿಮಿಷದೊಳಗೆ ದಾಟಿರುತ್ತದೆ. 25 ಇದ್ದರೆ ಮೂರು ದಿನಕ್ಕೆ ತುಸು ಕಡಿಮೆ. 30 ಇದ್ದರೆ ಮೂವತ್ತನಾಲ್ಕು ವರ್ಷ.

ಒಮ್ಮೆ ಕನ್ನಡ ಶಾಲೆಯ ಮಕ್ಕಳಿಗೆ ಇದನ್ನು ಹೇಳಲು ಪುಣೆ-ಸಾತಾರಾ ಹೆದ್ದಾರಿಯ ಖಂಬಾಟಕಿ ಘಟ್ಟವನ್ನು ಉದಾಹರಣೆಯಾಗಿ ತಂದಿದ್ದೆ. ಊರಿನಿಂದ ಪುಣೆಗೆ ಬರುವಾಗ ಬಸ್ಸು ಸುರಂಗದಲ್ಲಿ ನುಗ್ಗುತ್ತದೆ, ಏರುವ ಕಷ್ಟ ತಪ್ಪುತ್ತದೆ. ವೇಗವರ್ಧಕ ಎಂದರೆ ಆ ಸುರಂಗ ಎಂದೆ. ಒಬ್ಬ ಹುಡುಗ ಎದ್ದು, 'ಮೇಡಂ, ಊರಿಗೆ ಹೋಗುವಾಗ ಬಸ್ಸು ಘಟ್ಟವನ್ನೇ ಏರುತ್ತದಲ್ಲ' ಎಂದ. ಅವನು ಹೇಳಿದ್ದು ಸರಿ. ನಿಜವಾದ ವೇಗವರ್ಧಕ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಒಂದೇ ಪ್ರಮಾಣದಲ್ಲಿ ಸುಲಭ ಮಾಡುತ್ತದೆ. ಕಣಿವೆಗಳ ಆಳವನ್ನು ಅದು ಮುಟ್ಟುವುದೇ ಇಲ್ಲ. ಅಂದಿನಿಂದ ಆ ಉದಾಹರಣೆ ಕೊಡುವಾಗ ಹುಡುಗನ ಮಾತನ್ನೂ ಸೇರಿಸಿ ಹೇಳುತ್ತೇನೆ.

ಪ್ರಯೋಗ ನಡೆದದ್ದು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉಕ್ಕಿನ ಒತ್ತಡಪಾತ್ರೆಯಲ್ಲಿ, 30 ಬಾರ್ ಹೈಡ್ರೋಜನ್ ಅಡಿಯಲ್ಲಿ. ದ್ರಾವಕ ಟಾಲೀನ್. ಕೀಟೋನ್‌ನ ನೂರು ಅಣುಗಳಿಗೆ ವೇಗವರ್ಧಕದ ಒಂದು. ತಾಸಿಗೆ 50 ಸುತ್ತು ಎಂದರೆ ಐರಿಂಗ್ ಸಮೀಕರಣದ ಪ್ರಕಾರ ದಿಬ್ಬದ ಎತ್ತರ 22.4 ಕಿಲೋಕ್ಯಾಲರಿ ಇರಬೇಕು. ವಿದ್ಯಾರ್ಥಿನಿಯ ಲೆಕ್ಕ ತೋರಿಸಿದ್ದು 31.

ಅವಳು ಅವಸರದಲ್ಲಿ ಮಾಡಿದ ಲೆಕ್ಕ ಅದಲ್ಲ. 62 ಪರಮಾಣುಗಳ ಸಂಕ್ರಮಣ ಸ್ಥಿತಿ. ಕಂಪನಾಂಕಗಳ ಪಟ್ಟಿಯಲ್ಲಿ ಒಂದೇ ಒಂದು ಋಣಸಂಖ್ಯೆ ಬರಬೇಕು, ಬಂದಿತ್ತು. ಆ ಕಂಪನವನ್ನು ಪರದೆಯ ಮೇಲೆ ಆಡಿಸಿ ನೋಡಿದರೆ ಹೈಡ್ರೋಜನ್ ನಿಜವಾಗಿಯೂ ಸೀಳುತ್ತಿತ್ತು. ನೆತ್ತಿಯಿಂದ ಎರಡೂ ಕಡೆ ಇಳಿದರೆ ಸರಿಯಾದ ಕಣಿವೆಗಳೇ ಸಿಗುತ್ತಿದ್ದವು. ರಂಜಕದ ಮೇಲಿನ ನಾಲ್ಕು ಐಸೋಪ್ರೊಪೈಲ್ ಗುಂಪುಗಳು ತಿರುಗಿ ನಿಲ್ಲಬಲ್ಲ ಭಂಗಿಗಳನ್ನೆಲ್ಲ ಜಾಲಾಡಿದ್ದಳು. ಲೋಹದ ಸ್ಪಿನ್ ಸ್ಥಿತಿ ಬದಲಿಸಿ ನೋಡಿದ್ದಳು. ದೂರದ ಗುಂಪುಗಳ ನಡುವಿನ ದುರ್ಬಲ ಆಕರ್ಷಣೆಗೆ ತಿದ್ದುಪಡಿ ಇತ್ತು. ಅನಿಲದ ಲೆಕ್ಕದಿಂದ ದ್ರಾವಣದ ಲೆಕ್ಕಕ್ಕೆ ಬರುವಾಗ ಎಷ್ಟೋ ಮಂದಿ ಮರೆಯುವ ಆ ಎರಡು ಕಿಲೋಕ್ಯಾಲರಿಗಳನ್ನೂ ಅವಳು ಮರೆತಿರಲಿಲ್ಲ. ಆರು ವಾರ ಅವಳ ಕಡತಗಳನ್ನು ನಾನೂ ತೆರೆದು ನೋಡಿದೆ. ಲೆಕ್ಕ ಸರಿಯಾಗಿತ್ತು. ಉತ್ತರ ತಪ್ಪಾಗಿತ್ತು.

23

ಮಳೆಗಾಲದ ಒಂದು ಮಧ್ಯಾಹ್ನ ಅವಳು ನಗುಮುಖದಿಂದ ಬಂದಳು. 'ಮೇಡಂ, ಹೊಂದಿತು' ಎಂದಳು. ಬೇರೆ ಫಂಕ್ಷನಲ್, ಅಂದರೆ ಶಕ್ತಿಯ ಲೆಕ್ಕಕ್ಕೆ ಬೇರೆ ಅಂದಾಜು ಸೂತ್ರ, ಬಳಸಿದಾಗ 31 ಇದ್ದದ್ದು 27 ಆಗಿತ್ತು. ಹೈಡ್ರೋಜನ್ ಬಂದು ಸೇರುವಾಗ ಕಳೆದುಹೋಗುವ ಎಂಟ್ರೋಪಿಯನ್ನು (ಸರಳವಾಗಿ ಹೇಳಿದರೆ, ಅಣುವಿನ ಓಡಾಟದ ಸ್ವಾತಂತ್ರ್ಯವನ್ನು) ದ್ರಾವಣದಲ್ಲಿ ಅರ್ಧದಷ್ಟು ಮಾತ್ರ ಎಣಿಸಬೇಕು ಎಂಬ ಒಂದು ರೂಢಿ ಇದೆ. ಅದನ್ನು ಅನ್ವಯಿಸಿದಾಗ 23.

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ನಮ್ಮ ವೃತ್ತಿಯ ಅತಿ ದೊಡ್ಡ ಅಪಾಯ ಇರುವುದು ಈ ತಿರುವಿನಲ್ಲಿಯೇ. ಕೋನ್ ಅವರ ಸಿದ್ಧಾಂತ ನಿಖರವಾದದ್ದು. ಆದರೆ ಅದರೊಳಗೆ ಒಂದು ಪದ ಇದೆ. ಅದರ ನಿಖರ ರೂಪ ತಿಳಿದಿಲ್ಲವಾದ್ದರಿಂದ ಅಂದಾಜು ಸೂತ್ರಗಳನ್ನು ಕಟ್ಟಿಕೊಂಡಿದ್ದೇವೆ. ಅಂಥ ಫಂಕ್ಷನಲ್‌ಗಳು ನೂರಾರಿವೆ. ಒಂದೊಂದೂ ಒಂದೊಂದು ಎತ್ತರ ಹೇಳುತ್ತದೆ. ಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಅದನ್ನು ಕೊಡುವ ಫಂಕ್ಷನಲ್ ಸಿಕ್ಕೇ ಸಿಗುತ್ತದೆ. ನನ್ನ ಆರಂಭದ ವರ್ಷಗಳಲ್ಲಿ, ದುರ್ಬಲ ಆಕರ್ಷಣೆಗಳ ತಿದ್ದುಪಡಿ ಬಳಕೆಗೆ ಬರುವ ಮೊದಲು, ಒಂದು ಫಾಸ್ಫೀನ್ ಸಂಕೀರ್ಣದ ಬಂಧಶಕ್ತಿಯನ್ನು ಲೆಕ್ಕ ಹಾಕಿ ಪ್ರಯೋಗಕ್ಕೆ ಹೊಂದಿತೆಂದು ಸಂಭ್ರಮಿಸಿದ್ದೆ. 2010ರಲ್ಲಿ ಸ್ಟೆಫಾನ್ ಗ್ರಿಮ್ ಅವರ ಡಿ3 ತಿದ್ದುಪಡಿ ಪ್ರಕಟವಾದ ಮೇಲೆ ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಹೊಂದಿಕೆ ಕರಗಿಹೋಯಿತು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕುಳಿತಿದ್ದವು. ಅಷ್ಟು ವರ್ಷ ನಾನು ಅದನ್ನು ತಿಳುವಳಿಕೆ ಎಂದು ನಂಬಿದ್ದೆ. ಆ ನೋವು ಇನ್ನೂ ಇದೆ.

ಆದ್ದರಿಂದ ವಿದ್ಯಾರ್ಥಿನಿಗೆ ಒಂದೇ ಮಾತು ಹೇಳಿದೆ: ಇದೇ ಫಂಕ್ಷನಲ್, ಇದೇ ಅರ್ಧ ಎಂಟ್ರೋಪಿ ಇಟ್ಟುಕೊಂಡು, ವೇಗ ಚೆನ್ನಾಗಿ ಗೊತ್ತಿರುವ ರುಥೇನಿಯಂ ಸಂಕೀರ್ಣದ ಲೆಕ್ಕ ಮಾಡು. ನಾಲ್ಕು ದಿನದಲ್ಲಿ ಮಾಡಿದಳು. 14 ಬಂತು. ಅದು ನಿಜವಾಗಿದ್ದರೆ ಒಂದೊಂದು ಅಣು ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸುತ್ತು ಹಾಕಬೇಕು. ಆ ಸಂಕೀರ್ಣದ ಅಳೆದ ವೇಗ ಅದರ ಹತ್ತಿರವೂ ಇರಲಿಲ್ಲ. 23 ಬಿದ್ದುಹೋಯಿತು. ಅವಳು ಏನೂ ಮಾತನಾಡದೆ ಕಡತಗಳಿಗೆಲ್ಲ ದಿನಾಂಕ ಹಾಕಿ ಬೇರೆ ಕಪಾಟಿಗೆ ಸರಿಸಿದಳು. ಆ ವಾರವೇ ಕಂಪನಿಯ ಎರಡನೆಯ ಸಂದರ್ಶನಕ್ಕೆ ಹೋಗಿಬಂದಳೆಂದು ನನಗೆ ತಿಳಿದದ್ದು ಆಮೇಲೆ.

ದಾಖಲೆ ಪುಸ್ತಕ

ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ, ಆದರೂ ಉತ್ತರ ತಪ್ಪು ಎಂದರೆ ನಾವು ಲೆಕ್ಕ ಹಾಕುತ್ತಿರುವ ಪಾತ್ರೆ ಬೇರೆ, ಅವರು ಕಾಯಿಸುತ್ತಿರುವ ಪಾತ್ರೆ ಬೇರೆ ಎಂದು ಅರ್ಥ. ಇದನ್ನು ಹೇಳುವುದು ಸುಲಭ. ಆದರೆ ಪಾತ್ರೆಯಲ್ಲಿ ಏನೇನಿದೆ ಎಂದು ನಾವು ಇಬ್ಬರೂ ಅಲ್ಲಿಯವರೆಗೆ ಹೋಗಿ ನೋಡಿರಲಿಲ್ಲ. ಸಹೋದ್ಯೋಗಿ ಕಳುಹಿಸಿದ್ದ ಒಂದು ಪುಟದ ಪಟ್ಟಿ ನಮ್ಮ ಬಳಿ ಇತ್ತು: ಉಷ್ಣತೆ, ಒತ್ತಡ, ಇಳುವರಿ, ವೇಗ. ಅದನ್ನೇ ಪ್ರಯೋಗ ಎಂದುಕೊಂಡಿದ್ದೆವು.

ಒತ್ತಡಪಾತ್ರೆಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಜತ್ ತಾಲ್ಲೂಕಿನವರು. ಸಾಂಗಲಿ ಜಿಲ್ಲೆಯ ಆ ಭಾಗದ ಹಲವರ ಮನೆಮಾತು ಕನ್ನಡ. ಇಂಡಿಯವಳ ಕನ್ನಡವೂ ಅವರ ಕನ್ನಡವೂ ಒಂದೇ ಮಣ್ಣಿನದು. ಎಲ್ಲರಿಗೂ ಅವರು ಕಾಕಾ. ವಿದ್ಯಾರ್ಥಿನಿ ಒಂದು ಬೆಳಿಗ್ಗೆ ಅವರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕುಳಿತಳು. ವಾರವಿಡೀ ಕುಳಿತಳು. ಏನು ತೂಗುತ್ತಾರೆ, ಯಾವುದರ ನಂತರ ಯಾವುದನ್ನು ಹಾಕುತ್ತಾರೆ, ಎಷ್ಟು ಹೊತ್ತು ಕಲಕುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡಳು. ಮೂರನೆಯ ದಿನ ಒತ್ತಡಮಾಪಕ ಬಹಳ ಹೊತ್ತು ಅಲುಗಾಡದೆ ಇದ್ದದ್ದನ್ನು ಕಂಡು ಏನಾದರೂ ಕೆಟ್ಟಿದೆಯೇ ಎಂದು ಕೇಳಿದಳು.

'ಇಲ್ಲ ತಂಗಿ, ಮೊದಲ ತಾಸು ಅದು ಹೀಗೆಯೇ ಇರುತ್ತದೆ. ಆಮೇಲೆ ಓಡುತ್ತದೆ' ಎಂದರು ಕಾಕಾ.

ಅವರ ಬಳಿ ಉದ್ದನೆಯ ರಟ್ಟಿನ ದಾಖಲೆ ಪುಸ್ತಕ ಇತ್ತು. ಹತ್ತು ನಿಮಿಷಕ್ಕೊಮ್ಮೆ ಒತ್ತಡ ನೋಡಿ ಬರೆಯುವುದು ಅವರ ಪದ್ಧತಿ. ಪ್ರತಿಯೊಂದು ಪ್ರಯೋಗದಲ್ಲಿಯೂ ಮೊದಲ ತಾಸಿನಲ್ಲಿ ನೂರರಲ್ಲಿ ಆರೇಳು ಭಾಗ ಮಾತ್ರ ಕ್ರಿಯೆ ಸಾಗಿತ್ತು. ಉಳಿದದ್ದು ಮುಂದಿನ ಎರಡು ತಾಸಿನಲ್ಲಿ ಮುಗಿದಿತ್ತು. ಪಾತ್ರೆ ಕಾಯುವ ಸಮಯ ಎಂದು ಭಾವಿಸಿ ಸಹೋದ್ಯೋಗಿ ಆ ಮೊದಲ ತಾಸನ್ನು ಪಟ್ಟಿಯಿಂದ ಬಿಟ್ಟಿದ್ದರು. ಅವರನ್ನು ದೂರುವುದು ನ್ಯಾಯವಲ್ಲ. ಎಷ್ಟೋ ಪ್ರಯೋಗಶಾಲೆಗಳಲ್ಲಿ ಹಾಗೆಯೇ ಮಾಡುತ್ತಾರೆ, ಎಷ್ಟೋ ಸಲ ಅದು ಸರಿಯೂ ಆಗಿರುತ್ತದೆ. ನಾವು ಕೇಳದೆ ಇದ್ದದ್ದೇ ತಪ್ಪು.

ನಿಧಾನವಾಗಿ ಶುರುವಾಗಿ ಆಮೇಲೆ ಓಡುವ ಕ್ರಿಯೆಗೆ ಎರಡು ಮುಖ್ಯ ಕಾರಣಗಳಿರಬಹುದು. ಬ್ರೋಮೈಡ್ ಇರುವ ರೂಪ ಅಮೈಡೋ ರೂಪವಾಗಲು ಸಮಯ ಹಿಡಿಯುತ್ತಿರಬಹುದು. ಇಲ್ಲವೇ ಕ್ರಿಯೆಯಲ್ಲಿ ಹುಟ್ಟುವ ವಸ್ತುವೇ ಕ್ರಿಯೆಗೆ ನೆರವಾಗುತ್ತಿರಬಹುದು. ಹುಟ್ಟುವ ವಸ್ತು ಆಲ್ಕೋಹಾಲ್. ವಿದ್ಯಾರ್ಥಿನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ನಮ್ಮ 62 ಪರಮಾಣುಗಳ ಚಿತ್ರದಲ್ಲಿ ಆಲ್ಕೋಹಾಲ್ ಇರಲಿಲ್ಲ. ದ್ರಾವಕ ಟಾಲೀನ್ ಎಂದು ಪಟ್ಟಿಯಲ್ಲಿದ್ದುದರಿಂದ ಟಾಲೀನ್‌ನ ವಿದ್ಯುತ್ ಗುಣವನ್ನು ಮಾತ್ರ ಲೆಕ್ಕಕ್ಕೆ ಸೇರಿಸಿದ್ದೆವು. ಪ್ರತ್ಯಾಮ್ಲ ಬ್ರೋಮೈಡನ್ನು ತೆಗೆಯುವಾಗ ತಾನೇ ಟರ್ಟ್-ಬ್ಯೂಟನಾಲ್ ಆಗುತ್ತದೆ ಎಂಬುದು ಬಿ.ಎಸ್‌ಸಿ. ಓದಿದವರಿಗೂ ಗೊತ್ತು. ಅದೂ ಆಲ್ಕೋಹಾಲ್. ಮೊದಲ ನಿಮಿಷದಿಂದಲೇ ಅದು ಪಾತ್ರೆಯಲ್ಲಿದೆ. ಮೊದಲ ತಾಸಿನಲ್ಲಿ ಕ್ರಿಯೆ ಅಷ್ಟಾದರೂ ತೆವಳಿದ್ದು ಅದರ ಕೃಪೆಯಿಂದ.

ಆಲ್ಕೋಹಾಲ್ ಏನು ಮಾಡುತ್ತದೆ? ಹೈಡ್ರೋಜನ್ ಅಣು ಲೋಹಕ್ಕೂ ಸಾರಜನಕಕ್ಕೂ ನೇರವಾಗಿ ಸೀಳಬೇಕಾದರೆ ನಾಲ್ಕು ಪರಮಾಣುಗಳ ಇಕ್ಕಟ್ಟಾದ ಉಂಗುರ ಏರ್ಪಡಬೇಕು. ನಡುವೆ ಒಂದು ಆಲ್ಕೋಹಾಲ್ ಬಂದರೆ ಅದರ ಆಮ್ಲಜನಕ ಒಂದು ಕಡೆಯಿಂದ ಪ್ರೋಟಾನ್ ಪಡೆದು ತನ್ನಲ್ಲಿದ್ದ ಪ್ರೋಟಾನನ್ನು ಇನ್ನೊಂದು ಕಡೆಗೆ ಕೊಡುತ್ತದೆ. ಮದುವೆ ಪಂಕ್ತಿಯಲ್ಲಿ ದೂರ ಕುಳಿತವರಿಗೆ ತಂಬಿಗೆ ಮುಟ್ಟಿಸಲು ನಡುವೆ ಇರುವವರು ಕೈಯಿಂದ ಕೈಗೆ ದಾಟಿಸುವ ಹಾಗೆ. ಉಂಗುರ ಆರು ಪರಮಾಣುಗಳದ್ದಾಗುತ್ತದೆ, ಇಕ್ಕಟ್ಟು ಸಡಿಲಾಗುತ್ತದೆ.

ಲೆಕ್ಕ ಮಾಡುವ ಮೊದಲೇ ಪ್ರಯೋಗ ಮಾಡಿಸೋಣ ಎಂದು ನಾನು ಪಟ್ಟು ಹಿಡಿದೆ. ಉತ್ತರ ಗೊತ್ತಾದ ಮೇಲೆ ಲೆಕ್ಕ ಮಾಡಿದರೆ 23ರ ಗತಿಯೇ ಆಗಬಹುದೆಂಬ ಹೆದರಿಕೆ ವಿದ್ಯಾರ್ಥಿನಿಯದು. ಕೊನೆಗೆ ಅವಳ ಮಾತೇ ಗೆದ್ದಿತು, ಅದೇ ಸರಿಯಾಗಿತ್ತು. ಮೊದಲು ಬಳಸಿದ ಫಂಕ್ಷನಲ್‌ನಲ್ಲಿ, ಪೂರ್ತಿ ಎಂಟ್ರೋಪಿಯೊಂದಿಗೆ, ಯಾವುದನ್ನೂ ಬದಲಿಸದೆ, ಒಂದು ಆಲ್ಕೋಹಾಲ್ ಅಣುವನ್ನು ಮಾತ್ರ ಸೇರಿಸಿ ಲೆಕ್ಕ ಹಾಕಿದಳು. ಈಗ 81 ಪರಮಾಣು. ಹದಿನಾಲ್ಕು ಆರಂಭಿಕ ಭಂಗಿಗಳು ಕುಸಿದವು, ಹದಿನೈದನೆಯದು ನಿಂತಿತು. ದಿಬ್ಬ 22.0. ಅದನ್ನು ಬರೆದು, ಮುಚ್ಚಿದ ಲಕೋಟೆಯಲ್ಲಿಟ್ಟು ಸಹೋದ್ಯೋಗಿಯ ಮೇಜಿನ ಮೇಲೆ ಇಟ್ಟೆವು. ಜೊತೆಗೆ ಒಂದು ಮುನ್ಸೂಚನೆ: ಶುರುವಿನಲ್ಲಿಯೇ ವೇಗವರ್ಧಕದ ಹತ್ತು ಪಟ್ಟು ಆಲ್ಕೋಹಾಲ್ ಹಾಕಿದರೆ ಮೊದಲ ತಾಸಿನ ಜಡತೆ ಮಾಯವಾಗಬೇಕು.

ಕಾಕಾ ನಾಲ್ಕು ಪಾತ್ರೆ ಸಿದ್ಧಮಾಡಿದರು. ಒಂದು ಎಂದಿನಂತೆ. ಇನ್ನೊಂದರಲ್ಲಿ ಕೀಟೋನ್ ಹಾಕುವ ಮೊದಲು ವೇಗವರ್ಧಕ ಮತ್ತು ಪ್ರತ್ಯಾಮ್ಲವನ್ನು ಒಂದು ತಾಸು ಕಲಕಿದ್ದು. ಬ್ರೋಮೈಡ್ ಹೋಗಲು ಹಿಡಿಯುವ ಸಮಯವೇ ಕಾರಣವಾಗಿದ್ದರೆ ಇದರಲ್ಲಿ ಜಡತೆ ಇರಬಾರದು. ಮೂರನೆಯದರಲ್ಲಿ ಹತ್ತು ಪಟ್ಟು ಟರ್ಟ್-ಬ್ಯೂಟನಾಲ್. ನಾಲ್ಕನೆಯದರಲ್ಲಿ ಹತ್ತು ಪಟ್ಟು ಉತ್ಪನ್ನದ ಆಲ್ಕೋಹಾಲ್. ಮೊದಲ ಎರಡರಲ್ಲಿಯೂ ಮುಳ್ಳು ಒಂದು ತಾಸು ಮಲಗಿತು. ಮೂರನೆಯದರಲ್ಲಿ ಅರ್ಧ ತಾಸಿಗೆ ಎದ್ದಿತು. ಮೈತುಂಬ ಮೀಥೈಲ್ ಹೊತ್ತ ಆ ದಪ್ಪ ಅಣು ನಡುವೆ ತೂರಲು ಕಷ್ಟಪಡುತ್ತದೆ. ನಾಲ್ಕನೆಯದರಲ್ಲಿ ಮೊದಲ ಹತ್ತು ನಿಮಿಷದ ಅಂಕಿಯೇ ಇಳಿದಿತ್ತು. ವಿದ್ಯಾರ್ಥಿನಿ ದಾಖಲೆ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಳು. 'ನಿನ್ನ ಕಂಪ್ಯೂಟರಿಗೂ ಹೀಗೆಯೇ ಕಂಡಿತ್ತೇನು?' ಎಂದು ಕಾಕಾ ಕೇಳಿದರು. 'ಹೌದು ಕಾಕಾ' ಎಂದಳು.

ಮತ್ತೆ ತಪ್ಪು

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಪ್ರಬಂಧವಾಗುತ್ತಿತ್ತು. ಲೆಕ್ಕ 22.0, ಪ್ರಯೋಗ 22.4. ಇಷ್ಟು ಹತ್ತಿರದ ಹೊಂದಿಕೆ ಈ ವಿಧಾನದಲ್ಲಿ ಅದೃಷ್ಟವೇ. ಎರಡು ಮೂರು ಕಿಲೋಕ್ಯಾಲರಿಯ ತಪ್ಪು ಸಾಮಾನ್ಯ. ಆದರೆ ನಮ್ಮ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತಿತ್ತು: ಆಲ್ಕೋಹಾಲ್ ಹೆಚ್ಚಿದಷ್ಟೂ ವೇಗ ಹೆಚ್ಚಬೇಕು. ಸಹೋದ್ಯೋಗಿ ಉತ್ಸಾಹದಿಂದ ಟಾಲೀನ್ ಅರ್ಧ, ಆಲ್ಕೋಹಾಲ್ ಅರ್ಧ ಹಾಕಿ ನೋಡಿದರು. ಕ್ರಿಯೆ ನಿಧಾನವಾಯಿತು. ನಡುವಿನ ಪ್ರಮಾಣಗಳನ್ನು ನೋಡಿದಾಗ ವೇಗ ಮೊದಲು ಏರಿತು, ಆಮೇಲೆ ಏರದೆ ನಿಂತಿತು, ಕೊನೆಗೆ ಇಳಿಯಿತು.

ದಿಬ್ಬದ ನೆತ್ತಿಯನ್ನು ನಾವು ಸರಿಯಾಗಿ ಹಿಡಿದಿದ್ದೆವು, ಕಣಿವೆಯ ತಳವನ್ನು ಅಲ್ಲ. ಸೆಬಾಸ್ಟಿಯನ್ ಕೊಝುಚ್ ಮತ್ತು ಸಾಸನ್ ಶೈಕ್ ಕಟ್ಟಿಕೊಟ್ಟ ಒಂದು ಮಾದರಿ ಈಗ ನಮ್ಮ ಕ್ಷೇತ್ರದಲ್ಲಿ ಮನೆಮಾತು. ಚಕ್ರದ ವೇಗವನ್ನು ಯಾವುದೋ ಒಂದು ಹೆಜ್ಜೆಯ ದಿಬ್ಬ ತೀರ್ಮಾನಿಸುವುದಿಲ್ಲ. ಇಡೀ ಚಕ್ರದಲ್ಲಿ ನಿರ್ಣಾಯಕವಾದ ಒಂದು ತಳಕ್ಕೂ ನಿರ್ಣಾಯಕವಾದ ಒಂದು ನೆತ್ತಿಗೂ ಇರುವ ಅಂತರ ತೀರ್ಮಾನಿಸುತ್ತದೆ ಎಂದು ಅದು ಹೇಳುತ್ತದೆ. ಅಮೈಡೋ ರೂಪವೇ ತಳ ಎಂದು ನಾವು ಎಣಿಸಿದ್ದೆವು. ಆದರೆ ಹಸಿದ ಆ ರೂಪ ಆಲ್ಕೋಹಾಲನ್ನು ಕಂಡರೆ ಸುಮ್ಮನಿರುತ್ತದೆಯೇ? ಪ್ರೋಟಾನನ್ನು ಸಾರಜನಕಕ್ಕೆ, ಉಳಿದದ್ದನ್ನು ಲೋಹಕ್ಕೆ ತೆಗೆದುಕೊಂಡು ಆಲ್ಕಾಕ್ಸೈಡ್ ಆಗುತ್ತದೆ. ಅಲ್ಲಿಗೆ ವೇಗ ಏರುವುದು ನಿಲ್ಲುತ್ತದೆ. ಆಲ್ಕೋಹಾಲ್ ಇನ್ನೂ ಹೆಚ್ಚಾದರೆ ಆ ಆಲ್ಕಾಕ್ಸೈಡ್‌ಗೆ ಇನ್ನೊಂದು ಆಲ್ಕೋಹಾಲ್ ಹೈಡ್ರೋಜನ್ ಬಂಧದಿಂದ ಜೋತುಬೀಳುತ್ತದೆ, ತಳ ಮತ್ತಷ್ಟು ಕೆಳಗಿಳಿಯುತ್ತದೆ. ಹೈಡ್ರೋಜನ್ ಬಂದು ಸೇರಬೇಕಾದರೆ ಆ ಹೆಚ್ಚಿನ ಆಲ್ಕೋಹಾಲ್ ಮೊದಲು ಜಾಗ ಬಿಡಬೇಕು. ನೆರವಿಗೆ ಬಂದವರೇ ಬಾಗಿಲಿಗೆ ಅಡ್ಡ ನಿಂತಂತೆ.

ಈ ರೂಪ ಅಮೈಡೋ ರೂಪಕ್ಕಿಂತ 2.1 ಕಿಲೋಕ್ಯಾಲರಿ ಕೆಳಗಿತ್ತು. ಅಲ್ಲಿಂದ ಅಳೆದರೆ ಅಂತರ 24.1. ಪ್ರಯೋಗದೊಂದಿಗಿನ ವ್ಯತ್ಯಾಸ 0.4 ಇದ್ದದ್ದು 1.7ಕ್ಕೆ ಏರಿತು, ವೇಗದಲ್ಲಿ ಹೇಳುವುದಾದರೆ ಸುಮಾರು ಹದಿಮೂರು ಪಟ್ಟು. ವಿದ್ಯಾರ್ಥಿನಿಗೆ ಇದನ್ನು ಒಪ್ಪಲು ಮನಸ್ಸು ಬರಲಿಲ್ಲ. 'ಸರಿಯಾದ ಉತ್ತರವನ್ನು ಬಿಟ್ಟು ತಪ್ಪು ಉತ್ತರ ಬರೆಯಬೇಕೇ ಮೇಡಂ?' ಎಂದು ಕೇಳಿದಳು. ಬರೆಯಬೇಕು ಎಂದೆ. 22.0 ಒಂದು ಅಂಕಿಗೆ ಹೊಂದುತ್ತದೆ. 24.1 ಆ ಅಂಕಿಯಿಂದ ತುಸು ದೂರ ನಿಂತರೂ ಮೊದಲ ತಾಸಿನ ಜಡತೆ, ಟರ್ಟ್-ಬ್ಯೂಟನಾಲ್‌ನ ಅರೆಮನಸ್ಸಿನ ನೆರವು, ವೇಗದ ಏರಿಳಿತ ಮೂರಕ್ಕೂ ಕಾರಣ ಹೇಳುತ್ತದೆ. ಸಂಖ್ಯೆಯ ಹೊಂದಿಕೆ ಕೆಟ್ಟಿತು, ಕ್ರಿಯೆಯ ಪರಿಚಯ ಹೆಚ್ಚಿತು. ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಯಾವಾಗಲೂ ಎರಡನೆಯದನ್ನೇ ಆರಿಸುತ್ತೇನೆ. ಹೊಸ ವೇಗವರ್ಧಕವನ್ನು ರೂಪಿಸುವವರಿಗೆ ಬೇಕಾದದ್ದೂ ಅದೇ: ಅಮೈಡೋ ರೂಪ ಆಲ್ಕೋಹಾಲನ್ನು ಅಷ್ಟು ಬಿಗಿಯಾಗಿ ಅಪ್ಪಿಕೊಳ್ಳದಂತೆ ಇಕ್ಕಳದ ತೋಳುಗಳನ್ನು ಬದಲಿಸಬೇಕು ಎಂಬ ಸೂಚನೆ 24.1ರಲ್ಲಿದೆ, 22.0ರಲ್ಲಿ ಇಲ್ಲ.

ನಂತರ

ಪ್ರಬಂಧದ ಪೂರಕ ಭಾಗದಲ್ಲಿ ಕಾಕಾ ಬರೆದ ಅಂಕಿಗಳನ್ನೆಲ್ಲ ಕೊಟ್ಟೆವು, ಮೊದಲ ತಾಸನ್ನೂ ಸೇರಿಸಿ. ಕುಸಿದ ಹದಿನಾಲ್ಕು ಭಂಗಿಗಳನ್ನೂ, 23ರ ಕತೆಯನ್ನೂ ಕೊಟ್ಟೆವು. 22.0 ಇರುವಾಗ 24.1 ಏಕೆ ಎಂದು ವಿಮರ್ಶಕರಲ್ಲಿ ಒಬ್ಬರು ಕೇಳಿದರು. ವೇಗದ ಏರಿಳಿತದ ನಕ್ಷೆಯನ್ನು ಮುಖ್ಯ ಭಾಗಕ್ಕೆ ತಂದು ಉತ್ತರ ಬರೆದವಳು ವಿದ್ಯಾರ್ಥಿನಿಯೇ. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಕಾಕಾನ ಹೆಸರು ಲೇಖಕರ ಪಟ್ಟಿಯಲ್ಲಿದೆ. ಸಹೋದ್ಯೋಗಿಯ ಪ್ರಯೋಗಶಾಲೆಯಲ್ಲಿ ಈಗ ಪ್ರತಿಯೊಂದು ಪಾತ್ರೆಯ ಒತ್ತಡವೂ ಶೂನ್ಯ ನಿಮಿಷದಿಂದ ಗಣಕಕ್ಕೆ ನೇರವಾಗಿ ದಾಖಲಾಗುತ್ತದೆ. ನನ್ನ ಗುಂಪಿಗೆ ಸೇರುವ ಪ್ರತಿಯೊಬ್ಬ ಹೊಸ ವಿದ್ಯಾರ್ಥಿಯೂ ಮೊದಲ ತಿಂಗಳು ಕಾಕಾನ ಪಕ್ಕ ಕುಳಿತಿರಬೇಕು, ಲೆಕ್ಕ ಆಮೇಲೆ.

ಕಂಪನಿಯ ಕೆಲಸವನ್ನು ಅವಳು ಒಪ್ಪಲಿಲ್ಲ. ಅದಕ್ಕೆ ಈ ಪ್ರಕರಣವೊಂದೇ ಕಾರಣ ಎಂದು ಹೇಳಲಾರೆ. ಆ ವರ್ಷ ನಿಂಬೆಗೆ ಒಳ್ಳೆಯ ಬೆಲೆ ಸಿಕ್ಕಿತ್ತು, ತಮ್ಮನಿಗೆ ವಿದ್ಯಾರ್ಥಿವೇತನ ಬಂದಿತ್ತು. ಅವಳೊಂದಿಗೆ ಸೇರಿದ್ದ ಇನ್ನೊಬ್ಬ ಹುಡುಗ ಹಿಂಜೇವಾಡಿಗೆ ಹೋದ, ಚೆನ್ನಾಗಿದ್ದಾನೆ, ಹಬ್ಬಕ್ಕೆ ಕರೆ ಮಾಡುತ್ತಾನೆ. ಅವಳು ಪಿಎಚ್.ಡಿ. ಮುಗಿಸಿ, ಹೆಜ್ಜೆಗಳ ಎತ್ತರಗಳನ್ನೆಲ್ಲ ಒಟ್ಟಿಗೆ ಕೂಡಿಸಿ ಕಾಲಕ್ಕೆ ತಕ್ಕಂತೆ ಪಾತ್ರೆಯೊಳಗಿನ ಪ್ರತಿಯೊಂದು ವಸ್ತುವಿನ ಪ್ರಮಾಣ ಹೇಗೆ ಬದಲಾಗುತ್ತದೆ ಎಂದು ಹೇಳುವ ಸೂಕ್ಷ್ಮಚಲನ ಮಾದರಿಗಳ ಕಡೆ ಹೊರಳಿದ್ದಾಳೆ. ಮೊದಲ ತಾಸಿನ ವಕ್ರರೇಖೆಯನ್ನು ಅಣುಗಳ ಲೆಕ್ಕದಿಂದಲೇ ಬರೆಯುವುದು ಅವಳ ಆಸೆ.

ಉಳಿದ 1.7 ಇನ್ನೂ ಅಲ್ಲಿಯೇ ಇದೆ. ಕಳೆದ ವಾರ ಅವಳು ನನಗೆ ಒಂದು ಚಿತ್ರ ಕಳುಹಿಸಿದಳು. ಪ್ರತ್ಯಾಮ್ಲದೊಂದಿಗೆ ಪಾತ್ರೆಗೆ ಬರುವ ಪೊಟ್ಯಾಸಿಯಂ ಅಯಾನು ಎಲ್ಲಿಗೆ ಹೋಗುತ್ತದೆ ಎಂದು ನಾವು ಈವರೆಗೆ ಕೇಳಿಯೇ ಇರಲಿಲ್ಲ. ಚಿತ್ರದಲ್ಲಿ ಅದು ಆಲ್ಕೋಹಾಲಿನ ಆಮ್ಲಜನಕದ ಪಕ್ಕ ನಿಂತಿದೆ. 82 ಪರಮಾಣು. ಲೆಕ್ಕ ನಡೆಯುತ್ತಿದೆ.